ಬಡ್ಡಿಗೆ ಮತವಿಲ್ಲ, ಹಾಲಿನ ಐದು ರೂಪಾಯಿಗೆ ಮತವಿದೆ

ಸರ್ಕಾರ ತನ್ನ ಸಾಲಕ್ಕೆ ತಾನೇ ಮಿತಿ ಹಾಕಿಕೊಂಡ 2002ರ ಕಾಯ್ದೆ: ಹಾಲು ಉತ್ಪಾದಕ ಮಹಿಳೆಯರು ತಿಳಿದಿರಬೇಕಾದ ಲೆಕ್ಕ



ಸಂಘದಿಂದ ಬರುವ ಹಾಲಿನ ಬಿಲ್ಲನ್ನು ನೀವು ಹೇಗೆ ನೋಡುತ್ತೀರಿ? ಎಷ್ಟು ಲೀಟರ್, ಜಿಡ್ಡು ಎಷ್ಟು, ದರ ಎಷ್ಟು ಎಂದು ಮೊದಲು ನೋಡುತ್ತೀರಿ. ಆಮೇಲೆ ಕಣ್ಣು ಹೋಗುವುದು ಕಡಿತದ ಕಡೆಗೆ. ಪಶು ಆಹಾರದ ಚೀಲಕ್ಕೆ ಇಷ್ಟು, ಎಮ್ಮೆ ಸಾಲದ ಕಂತಿಗೆ ಇಷ್ಟು, ವಿಮೆಗೆ ಇಷ್ಟು. ಅದೆಲ್ಲ ಹೋಗಿ ಉಳಿದದ್ದು ನಿಮ್ಮ ಕೈಗೆ. ಈ ಸಲ ಕಂತು ಕಟ್ಟುತ್ತೀರೋ ಬಿಡುತ್ತೀರೋ ಎಂದು ಯಾರೂ ನಿಮ್ಮನ್ನು ಕೇಳುವುದಿಲ್ಲ. ಮಗಳ ಶಾಲೆ ಫೀಸು, ಅತ್ತೆಯ ಔಷಧ, ಕಿರಾಣಿ ಅಂಗಡಿಯ ಬಾಕಿ ಎಲ್ಲವೂ ಉಳಿದ ಹಣದಲ್ಲಿಯೇ ಆಗಬೇಕು.

ಸರ್ಕಾರದ ಲೆಕ್ಕವೂ ಇದೇ ರೀತಿ ನಡೆಯುತ್ತದೆ ಎಂದರೆ ನಂಬುತ್ತೀರಾ? ನಮ್ಮ ಸಂವಿಧಾನದ 202ನೇ ವಿಧಿಯ ಪ್ರಕಾರ ರಾಜ್ಯದ ಸಾಲದ ಬಡ್ಡಿ ಮತ್ತು ಕಂತು ರಾಜ್ಯದ ಸಂಚಿತ ನಿಧಿಯಿಂದ ನೇರವಾಗಿ ಹೋಗಬೇಕಾದ ಖರ್ಚು. 203ನೇ ವಿಧಿಯ ಪ್ರಕಾರ ಅದನ್ನು ವಿಧಾನಸಭೆಯಲ್ಲಿ ಮತಕ್ಕೆ ಹಾಕುವುದಿಲ್ಲ. ಶಾಸಕರು ಅದರ ಬಗ್ಗೆ ಮಾತನಾಡಬಹುದು, ಬೇಡ ಎನ್ನುವಂತಿಲ್ಲ. ಆಸ್ಪತ್ರೆ, ರಸ್ತೆ, ಪಶುವೈದ್ಯರ ಸಂಬಳ, ನಿಮ್ಮ ಹಾಲಿಗೆ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಇವೆಲ್ಲ ಮತಕ್ಕೆ ಬರುವ ಖರ್ಚುಗಳು. ಅಂದರೆ ಸರ್ಕಾರದ ಹಣದಲ್ಲಿ ಮೊದಲು ಕಡಿತವಾಗುವುದು ಬಡ್ಡಿ. ಉಳಿದದ್ದರಲ್ಲಿ ನಮ್ಮ ಪಾಲು.

ಆದ್ದರಿಂದಲೇ ಸರ್ಕಾರ ಎಷ್ಟು ಸಾಲ ಮಾಡುತ್ತದೆ ಎಂಬುದು ಬೆಂಗಳೂರಿನ ಅಧಿಕಾರಿಗಳಿಗೆ ಮಾತ್ರ ಬಿಟ್ಟ ವಿಷಯವಲ್ಲ. ಚಿದ್ರಿಯಲ್ಲಿ ಎರಡು ಎಮ್ಮೆ ಕಟ್ಟಿದವರಿಗೂ, ಭಾಲ್ಕಿ, ಔರಾದ್ ಕಡೆ ದೇವಣಿ ಆಕಳು ಸಾಕಿದವರಿಗೂ ಅದು ಸಂಬಂಧಪಟ್ಟ ವಿಷಯ. ಈ ಸಾಲಕ್ಕೆ ಒಂದು ಮಿತಿ ಇರಬೇಕು ಎಂದು ನಮ್ಮ ರಾಜ್ಯದ ವಿಧಾನಮಂಡಲವೇ 2002ರಲ್ಲಿ ಒಪ್ಪಿ ಕಾಯ್ದೆ ಮಾಡಿತು. ಇಂಥ ಕಾಯ್ದೆ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ. ಆ ಕಾಯ್ದೆಯ ಕಥೆಯನ್ನು ಈ ಲೇಖನದಲ್ಲಿ ನೋಡೋಣ.

ತೆರಿಗೆಗೆ ಮತ ಬಂದದ್ದು ಯಾವಾಗ?

ತೆರಿಗೆ, ಬೊಕ್ಕಸ ಎಂಬ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವರು ಬಸವಣ್ಣನವರು. 15ನೇ ಶತಮಾನದಲ್ಲಿ ಬೀದರಿನ ಬಹಮನಿ ಸುಲ್ತಾನರ ಪ್ರಧಾನಿಯಾಗಿದ್ದ ಮಹಮೂದ್ ಗಾವಾನ್ ಹೊಲಗಳನ್ನು ಅಳೆಸಿ, ಗಡಿ ಗುರುತಿಸಿ, ಕಂದಾಯ ನಿಗದಿ ಮಾಡಿಸಿದ. ಆತ ಕಟ್ಟಿಸಿದ ಮದರಸಾ ಇಂದಿಗೂ ಬೀದರಿನಲ್ಲಿ ನಿಂತಿದೆ. ಲೆಕ್ಕ ನೋಡುವವರು ಒಳ್ಳೆಯವರಿದ್ದರೆ ರೈತನಿಗೆ ನೆಮ್ಮದಿ, ಇಲ್ಲದಿದ್ದರೆ ಕಷ್ಟ. ಆದರೆ ತೆರಿಗೆ ಹಾಕುವಾಗ ಕೊಡುವವರನ್ನು ಕೇಳುವ ಪದ್ಧತಿ ಆಗ ಇರಲಿಲ್ಲ. ನಿಜಾಮರ ಕಾಲದಲ್ಲಿಯೂ ಕೊನೆಯ ಮಾತು ಅರಸರದೇ ಆಗಿತ್ತು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದೊಂದಿಗೆ ಸೇರಿತು. 1950ರಲ್ಲಿ ಸಂವಿಧಾನ ಬಂತು. ಅದರ 265ನೇ ವಿಧಿ ಒಂದೇ ಸಾಲಿನಲ್ಲಿ ದೊಡ್ಡ ಮಾತು ಹೇಳುತ್ತದೆ: ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲು ಮಾಡುವಂತಿಲ್ಲ. ಕಾನೂನು ಆಗಬೇಕಾದರೆ ಜನ ಆರಿಸಿ ಕಳಿಸಿದ ಸಭೆ ಒಪ್ಪಬೇಕು. ಹೈದರಾಬಾದ್ ರಾಜ್ಯದಲ್ಲಿ ಪ್ರಾಯಕ್ಕೆ ಬಂದ ಎಲ್ಲ ಗಂಡಸರೂ ಹೆಂಗಸರೂ ವಿಧಾನಸಭೆಗೆ ಮತ ಹಾಕುವ ಹಕ್ಕು ಪಡೆದ ಮೊದಲ ಚುನಾವಣೆ 1952ರದು. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಸೇರಿದವು. ಅಂದಿನಿಂದ ನಮ್ಮ ತೆರಿಗೆ, ನಮ್ಮ ಸಾಲದ ತೀರ್ಮಾನ ಬೆಂಗಳೂರಿನ ವಿಧಾನಸಭೆಯಲ್ಲಿ. ಇಂದು ಅಲ್ಲಿ 224 ಸ್ಥಾನಗಳಿವೆ. ಅದರಲ್ಲಿ ಬೀದರ್ ಜಿಲ್ಲೆಯ ಪಾಲು ಆರು: ಬಸವಕಲ್ಯಾಣ, ಹುಮನಾಬಾದ್, ಬೀದರ್ ದಕ್ಷಿಣ, ಬೀದರ್, ಭಾಲ್ಕಿ ಮತ್ತು ಔರಾದ್.

2002: ಬರಗಾಲದ ನಡುವೆ ಒಂದು ತೀರ್ಮಾನ

1990ರ ದಶಕದ ಕೊನೆಯ ಹೊತ್ತಿಗೆ ರಾಜ್ಯದ ಖಜಾನೆ ಬಿಗಿಯಾಗಿತ್ತು. ನೌಕರರ ಸಂಬಳ ಮತ್ತು ಪಿಂಚಣಿಯ ಖರ್ಚು ಏರಿತ್ತು. ವಿದ್ಯುತ್ ವಲಯದ ನಷ್ಟ ತುಂಬಿಕೊಡಬೇಕಿತ್ತು. ನೀರಾವರಿ ಕೆಲಸಗಳಿಗೆ ನಿಗಮಗಳ ಹೆಸರಿನಲ್ಲಿ ಸಾಲ ಎತ್ತುವ ಪದ್ಧತಿಯೂ ಶುರುವಾಗಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ 1994ರಲ್ಲಿ ಆರಂಭವಾದ ಕೃಷ್ಣಾ ಭಾಗ್ಯ ಜಲ ನಿಗಮ ಹೀಗೆ ಸರ್ಕಾರದ ಖಾತರಿಯ ಮೇಲೆ ಸಾಲ ಪಡೆಯಿತು. ನೀರು ಬೇಕಿತ್ತು, ನಿಜ. ಆದರೆ ಸಾಲ ನಿಗಮದ ಹೆಸರಿನಲ್ಲಿದ್ದರೂ ತೀರಿಸುವ ಹೊಣೆ ಕೊನೆಗೆ ಸರ್ಕಾರದ ಮೇಲೆಯೇ ಬರುತ್ತದೆ. ಮಗನ ಹೆಸರಿನಲ್ಲಿ ಸಾಲ ತಂದು ಮನೆಯ ಲೆಕ್ಕದಲ್ಲಿ ತೋರಿಸದೆ ಇದ್ದಂತೆ.

ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಆ ಅವಧಿಯಲ್ಲಿ ಸರ್ಕಾರ ರಾಜ್ಯದ ಹಣಕಾಸಿನ ಬಗ್ಗೆ ಶ್ವೇತಪತ್ರ ಹೊರಡಿಸಿತು. ಸರ್ಕಾರ ಎಷ್ಟು ಸಾಲಕ್ಕೆ ಖಾತರಿ ನಿಲ್ಲಬಹುದು ಎಂಬುದಕ್ಕೆ 1999ರಲ್ಲಿಯೇ ಒಂದು ಕಾಯ್ದೆ ಆಗಿತ್ತು. 2001ರಲ್ಲಿ ಹಣಕಾಸು ಸುಧಾರಣೆಗೆಂದು ವಿಶ್ವಬ್ಯಾಂಕ್ ರಾಜ್ಯಕ್ಕೆ ಸಾಲ ಕೊಟ್ಟಿತು. ಅದೇ ಹೊತ್ತಿಗೆ ಮಳೆ ಕೈಕೊಟ್ಟಿತು. 2001-02ರಿಂದ ಮೂರು ವರ್ಷ ರಾಜ್ಯಕ್ಕೆ ಸತತ ಬರ. ಮೇವು, ನೀರಿಗೆ ಜನ ಒದ್ದಾಡಿದ ಆ ವರ್ಷಗಳು ಹಿರಿಯ ಅಕ್ಕಂದಿರಿಗೆ ನೆನಪಿರಬೇಕು.

ಇಂಥ ಹೊತ್ತಿನಲ್ಲಿ, 2002ರಲ್ಲಿ, ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. 2003ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಕೇಂದ್ರ ಸರ್ಕಾರ ಇಂಥದೇ ಕಾಯ್ದೆಯನ್ನು 2003ರಲ್ಲಿ ಮಾಡಿ 2004ರಲ್ಲಿ ಜಾರಿಗೆ ತಂದಿತು. ಅಂದರೆ ದಿಲ್ಲಿಗಿಂತ ಮೊದಲೇ ಕರ್ನಾಟಕ ಈ ಹೆಜ್ಜೆ ಇಟ್ಟಿತು. ಆಮೇಲೆ 12ನೇ ಹಣಕಾಸು ಆಯೋಗವು ಇಂಥ ಕಾಯ್ದೆ ಮಾಡಿದ ರಾಜ್ಯಗಳಿಗೆ ಕೇಂದ್ರದ ಸಾಲದಲ್ಲಿ ರಿಯಾಯಿತಿ ಕೊಡಬೇಕೆಂದು ಶಿಫಾರಸು ಮಾಡಿತು. ಒಂದೊಂದಾಗಿ ಉಳಿದ ರಾಜ್ಯಗಳೂ ಮಾಡಿದವು. ಪಶ್ಚಿಮ ಬಂಗಾಳ ಮತ್ತು ಸಿಕ್ಕಿಂ 2010ರಲ್ಲಿ ಮಾಡಿದವು.

ಕಾಯ್ದೆಯ ಮೂರು ಮಿತಿಗಳು

ಕಾಯ್ದೆಯ ಭಾಷೆ ಕಠಿಣ, ಅರ್ಥ ಸರಳ. ಮೂರು ಮಿತಿಗಳನ್ನು ನೆನಪಿಟ್ಟುಕೊಂಡರೆ ಸಾಕು.

ಮೊದಲನೆಯದು ರಾಜಸ್ವ ಕೊರತೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಇವು ಸರ್ಕಾರದ ದಿನದ ಖರ್ಚು. ತೆರಿಗೆ ಮತ್ತು ಕೇಂದ್ರದಿಂದ ಬರುವ ಪಾಲು ಸರ್ಕಾರದ ಗಳಿಕೆ. ಗಳಿಕೆಗಿಂತ ದಿನದ ಖರ್ಚು ಹೆಚ್ಚಾದರೆ ಅದು ರಾಜಸ್ವ ಕೊರತೆ. 2006ರ ಮಾರ್ಚ್ 31ರೊಳಗೆ ಇದು ಸೊನ್ನೆಗೆ ಬರಬೇಕು ಎಂದು ಕಾಯ್ದೆ ಹೇಳಿತು.

ಎರಡನೆಯದು ವಿತ್ತೀಯ ಕೊರತೆ. ದಿನದ ಖರ್ಚು, ರಸ್ತೆ, ಕೆರೆ, ಕಟ್ಟಡ ಎಲ್ಲ ಸೇರಿಸಿ ಒಂದು ವರ್ಷದಲ್ಲಿ ಸರ್ಕಾರಕ್ಕೆ ಕಡಿಮೆ ಬೀಳುವ ಹಣ ಇದು. ಇದು ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3ರ ಒಳಗಿರಬೇಕು. ಒಟ್ಟು ಆಂತರಿಕ ಉತ್ಪನ್ನ ಎಂದರೆ ರಾಜ್ಯದ ಎಲ್ಲರ ದುಡಿಮೆಯಿಂದ ಒಂದು ವರ್ಷದಲ್ಲಿ ಹುಟ್ಟುವ ಮೌಲ್ಯ. ಅದರಲ್ಲಿ ನೀವು ದಿನಾ ಎರಡು ಹೊತ್ತು ಸಂಘಕ್ಕೆ ಹಾಕುವ ಹಾಲಿನ ಮೌಲ್ಯವೂ ಸೇರಿದೆ.

ಮೂರನೆಯದು ಒಟ್ಟು ಬಾಕಿ. ಹಳೆಯದು, ಹೊಸದು ಎಲ್ಲ ಸೇರಿ ಸರ್ಕಾರದ ತಲೆಯ ಮೇಲಿರುವ ಹೊಣೆ, 2015ರ ಮಾರ್ಚ್ 31ರ ಹೊತ್ತಿಗೆ ಒಟ್ಟು ಉತ್ಪನ್ನದ ಶೇ 25 ದಾಟಿರಬಾರದು. ರಾಜ್ಯದ ವರ್ಷದ ದುಡಿಮೆ 100 ರೂಪಾಯಿ ಎಂದಾದರೆ ಸಾಲದ ಹೊಣೆ 25 ರೂಪಾಯಿ ಮೀರಬಾರದು. ನಿಗಮಗಳ ಹೆಸರಿನಲ್ಲಿ ತಂದು ಸರ್ಕಾರವೇ ತೀರಿಸುವ ಸಾಲವೂ ಈ ಲೆಕ್ಕಕ್ಕೆ ಸೇರಬೇಕು ಎಂದು ನಂತರದ ತಿದ್ದುಪಡಿಯಲ್ಲಿ ಸ್ಪಷ್ಟಪಡಿಸಲಾಯಿತು.

ಇದಲ್ಲದೆ, ಮುಂದಿನ ನಾಲ್ಕು ವರ್ಷದ ಹಣಕಾಸಿನ ಯೋಜನೆಯನ್ನು ಬಜೆಟ್ ಜೊತೆಗೆ ಸದನದ ಮುಂದೆ ಇಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಬರ, ನೆರೆಯಂಥ ವಿಪತ್ತು ಬಂದರೆ ಮಿತಿ ದಾಟಲು ಅವಕಾಶವಿದೆ. ಆದರೆ ಕಾರಣ ಹೇಳಬೇಕು.

ಎಮ್ಮೆಗೆ ಸಾಲ ಬೇರೆ, ಹಬ್ಬಕ್ಕೆ ಸಾಲ ಬೇರೆ

ಸಾಲ ಎಂದರೆ ಕೆಟ್ಟದ್ದು ಎಂದು ಕಾಯ್ದೆ ಹೇಳಲಿಲ್ಲ. ನಮಗೂ ಅದು ಗೊತ್ತು. ಸ್ವಸಹಾಯ ಗುಂಪಿನಿಂದ ಸಾಲ ತೆಗೆದು ಒಳ್ಳೆಯ ಮುರ್ರಾ ಎಮ್ಮೆ ತಂದರೆ ಅದೇ ಎಮ್ಮೆ ಹಾಲು ಕೊಟ್ಟು ಸಾಲ ತೀರಿಸುತ್ತದೆ. ಸಾಲ ತೀರಿದ ಮೇಲೆ ಎಮ್ಮೆಯೂ ಉಳಿಯುತ್ತದೆ, ಕರುವೂ ಉಳಿಯುತ್ತದೆ. ಅದೇ ಸಾಲದ ಹಣದಲ್ಲಿ ಹಬ್ಬ ಮಾಡಿ, ಸೀರೆ ತಂದು, ಕಿರಾಣಿ ಬಾಕಿ ಕಟ್ಟಿದರೆ? ಹಣ ಖರ್ಚಾಗುತ್ತದೆ, ಕಂತು ಮಾತ್ರ ಉಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಸರ್ಕಾರಕ್ಕೂ ಇದೇ ನೀತಿ. ಸಾಲದ ಹಣ ಆಸ್ತಿ ಬೆಳೆಸಲು ಹೋಗಬೇಕು, ದಿನದ ಖರ್ಚಿಗೆ ಹೋಗಬಾರದು ಎಂಬುದು ಕಾಯ್ದೆಯ ಮೂಲ ತತ್ವ. ನಮ್ಮ ಕಡೆಯದೇ ಉದಾಹರಣೆ ತೆಗೆದುಕೊಳ್ಳಿ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾ ನದಿಗೆ ಕಟ್ಟಿದ ಅಣೆಕಟ್ಟೆ ಒಂದು ಆಸ್ತಿ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ, ಸುಮಾರು 110 ಕಿಲೋಮೀಟರ್ ಉದ್ದದ ಬೀದರ್-ಕಲಬುರಗಿ ರೈಲು ಮಾರ್ಗ ಇನ್ನೊಂದು. ಇಂಥವು ಒಂದು ವರ್ಷದ ಖರ್ಚಿನಲ್ಲಿ ಮುಗಿಯುವುದಿಲ್ಲ, ಮೊಮ್ಮಕ್ಕಳ ಕಾಲದವರೆಗೂ ಉಪಯೋಗಕ್ಕೆ ಬರುತ್ತವೆ. ಇಂಥವಕ್ಕೆ ಸಾಲ ಮಾಡಿದರೆ, ಅದನ್ನು ಮುಂದಿನವರೂ ತೀರಿಸುವುದರಲ್ಲಿ ನ್ಯಾಯವಿದೆ. ಆದರೆ ಈ ತಿಂಗಳ ಸಂಬಳಕ್ಕೆ, ಈ ತಿಂಗಳ ಸಹಾಯಧನಕ್ಕೆ ಮಾಡಿದ ಸಾಲವನ್ನು ಇನ್ನೂ ಹುಟ್ಟದ ಮಗು ಏಕೆ ತೀರಿಸಬೇಕು?

ಇಲ್ಲಿ ನಮಗೆ ನೋವಾಗುವ ಒಂದು ಮಾತನ್ನೂ ಹೇಳಬೇಕು. ಹಾಲಿನ ಪ್ರೋತ್ಸಾಹಧನವೂ ಸರ್ಕಾರದ ಲೆಕ್ಕದಲ್ಲಿ ದಿನದ ಖರ್ಚಿನ ಪಟ್ಟಿಯಲ್ಲೇ ಇದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಇದು ಮುಂದೆ 5 ರೂಪಾಯಿಗೆ ಏರಿತು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ಇದು ದಿನಕ್ಕೆ 50 ರೂಪಾಯಿ, ವರ್ಷಕ್ಕೆ 18,250 ರೂಪಾಯಿ. ಸಣ್ಣ ಮೊತ್ತವಲ್ಲ. ಬೇಸಿಗೆಯಲ್ಲಿ ಕಣಕಿ, ಹಿಂಡಿ ಕೊಳ್ಳಲು ಇದೇ ಆಧಾರ. ಖಜಾನೆ ಬಿಗಿಯಾದಾಗ ಬಡ್ಡಿ ನಿಲ್ಲುವುದಿಲ್ಲ, ಸಂಬಳ ನಿಲ್ಲಿಸುವುದು ಕಷ್ಟ. ತಡವಾಗುವುದು ಇಂಥ ಹಣವೇ. ಪ್ರೋತ್ಸಾಹಧನಕ್ಕೆ ತಿಂಗಳುಗಟ್ಟಲೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರೋತ್ಸಾಹಧನ ಬೇಡ ಎಂಬುದು ಇದರ ಅರ್ಥವಲ್ಲ. ಅದು ತಪ್ಪದೆ ಬರಬೇಕಾದರೆ ಅದಕ್ಕೆ ಸಾಲದ ಆಧಾರ ಸಾಲದು, ಗಳಿಕೆಯ ಆಧಾರ ಬೇಕು ಎಂಬುದು ಅರ್ಥ.

ಆಮೇಲೆ ಏನಾಯಿತು?

ಒಳ್ಳೆಯ ಸುದ್ದಿ ಮೊದಲು ಬಂತು. ಕಾಯ್ದೆ ಕೊಟ್ಟ ಗಡುವಿಗೆ ಒಂದು ವರ್ಷ ಮೊದಲೇ, 2004-05ರಲ್ಲಿ, ರಾಜ್ಯದ ಗಳಿಕೆ ದಿನದ ಖರ್ಚಿಗಿಂತ ಹೆಚ್ಚಾಯಿತು. ಮುಂದೆ ವರ್ಷಗಟ್ಟಲೆ ಕರ್ನಾಟಕ ಇದನ್ನು ಉಳಿಸಿಕೊಂಡಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದು ಹೋದರೂ ಈ ಮಿತಿಯನ್ನು ಗೌರವಿಸಿದವು. ಆರ್ಥಿಕ ಸ್ಥಿತಿ ಚೆನ್ನಾಗಿದ್ದುದೂ ಇದಕ್ಕೆ ನೆರವಾಯಿತು. 2005ರ ಏಪ್ರಿಲ್‌ನಲ್ಲಿ ಬಂದ ವ್ಯಾಟ್ ತೆರಿಗೆ ಪದ್ಧತಿ, ಬೆಳೆಯುತ್ತಿದ್ದ ಬೆಂಗಳೂರು ಎರಡೂ ಖಜಾನೆ ತುಂಬಿದವು.

ಆಮೇಲೆ ಕೋವಿಡ್ ಬಂತು. 2020-21ರಲ್ಲಿ ತೆರಿಗೆ ಕುಸಿಯಿತು, ಆಸ್ಪತ್ರೆ ಖರ್ಚು ಏರಿತು. ರಾಜ್ಯಗಳು ಹೆಚ್ಚು ಸಾಲ ಮಾಡಲು ಕೇಂದ್ರ ಅವಕಾಶ ಕೊಟ್ಟಿತು. ವಿಧಾನಮಂಡಲ 2020ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಆ ವರ್ಷದ ಮಟ್ಟಿಗೆ ಶೇ 3ರ ಮಿತಿಯನ್ನು ಶೇ 5ಕ್ಕೆ ಏರಿಸಿತು. ಮನೆಯಲ್ಲಿ ಯಾರಿಗಾದರೂ ಆಪತ್ತು ಬಂದಾಗ ನಾವೂ ಚೀಟಿ ಎತ್ತುತ್ತೇವೆ, ಬಂಗಾರ ಅಡವಿಡುತ್ತೇವೆ. ಅದು ತಪ್ಪಲ್ಲ. ಆಪತ್ತು ಕಳೆದ ಮೇಲೂ ಅದೇ ರೂಢಿಯಾದರೆ ಮಾತ್ರ ಚಿಂತೆ.

ಈಗ 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಮಂಡಿಸಿದ 2025-26ರ ಬಜೆಟ್ ನೋಡೋಣ. ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಕೋಟಿಗಳ ಲೆಕ್ಕ ತಲೆ ತಿರುಗಿಸುತ್ತದೆ, ಆದ್ದರಿಂದ ಎಲ್ಲವನ್ನೂ 100 ರೂಪಾಯಿಗೆ ಇಳಿಸೋಣ.

ಖರ್ಚು 100 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಸುಮಾರು 76 ರೂಪಾಯಿ ದಿನದ ಖರ್ಚಿಗೆ, ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಕ್ಕೆ. ಸುಮಾರು 17 ರೂಪಾಯಿ ರಸ್ತೆ, ನೀರಾವರಿ, ಕಟ್ಟಡದಂಥ ಆಸ್ತಿಗೆ. ಆರೂವರೆ ರೂಪಾಯಿ ಹಳೆಯ ಸಾಲದ ಅಸಲಿಗೆ. ಗಳಿಕೆಯಾಗಿ ಬರುವುದು ಸುಮಾರು 71 ರೂಪಾಯಿ. ಉಳಿದ ಸುಮಾರು 28 ರೂಪಾಯಿ ಹೊಸ ಸಾಲ. ಮೊತ್ತ 1,16,000 ಕೋಟಿ.

ಲೆಕ್ಕ ಹಾಕಿ ನೋಡಿ. ಗಳಿಕೆ 71, ದಿನದ ಖರ್ಚು 76. ಸುಮಾರು 5 ರೂಪಾಯಿ ಕಡಿಮೆ ಬಿತ್ತು. ಇದೇ ರಾಜಸ್ವ ಕೊರತೆ. ಬಜೆಟ್ ಅಂದಾಜಿನಲ್ಲಿ 19,262 ಕೋಟಿ. ವಿತ್ತೀಯ ಕೊರತೆ 90,428 ಕೋಟಿ, ಅಂದರೆ ರಾಜ್ಯದ ಉತ್ಪನ್ನದ ಶೇ 2.95. ಒಟ್ಟು ಬಾಕಿ 7,64,655 ಕೋಟಿ, ಅಂದರೆ ಶೇ 24.91.

ಈ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಿ. ಮಿತಿ 3, ಬಜೆಟ್ ನಿಂತದ್ದು 2.95ರಲ್ಲಿ. ಮಿತಿ 25, ಬಜೆಟ್ ನಿಂತದ್ದು 24.91ರಲ್ಲಿ. 2002ರಲ್ಲಿ ಹಾಕಿದ ಮಿತಿ ಇಂದಿಗೂ ಸರ್ಕಾರದ ಕೈ ಹಿಡಿದು ನಿಲ್ಲಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗೆಯೇ, ಮೂರು ಮಿತಿಗಳಲ್ಲಿ ಎರಡರೊಳಗೆ ಬಜೆಟ್ ಇದೆ, ಮೊದಲನೆಯದಾದ ಸೊನ್ನೆಯ ಮಿತಿಯನ್ನು ದಾಟಿದೆ ಎಂಬುದೂ ಅಷ್ಟೇ ನಿಜ.

ಈ ಕೊರತೆ ಏಕೆ ಎಂಬ ಬಗ್ಗೆ ವಾದ-ವಿವಾದ ಇದ್ದೇ ಇದೆ. ಗೃಹಲಕ್ಷ್ಮಿ, ಶಕ್ತಿ ಸೇರಿ ಐದು ಗ್ಯಾರಂಟಿ ಯೋಜನೆಗಳಿಗೆ ಈ ಬಜೆಟ್‌ನಲ್ಲಿ 51,034 ಕೋಟಿ ಇಡಲಾಗಿದೆ. ಇಷ್ಟು ಭಾರ ಖಜಾನೆ ತಾಳುವುದಿಲ್ಲ ಎನ್ನುವವರಿದ್ದಾರೆ. ತಿಂಗಳಿಗೆ 2,000 ರೂಪಾಯಿ ನೇರ ಹೆಂಗಸಿನ ಖಾತೆಗೆ ಬಂದರೆ ಮಕ್ಕಳ ಊಟ, ಶಾಲೆಗೆ ಹೋಗುತ್ತದೆ, ಅದೂ ಒಂದು ಹೂಡಿಕೆಯೇ ಎನ್ನುವವರೂ ಇದ್ದಾರೆ. ಕೇಂದ್ರದಿಂದ ಬರಬೇಕಾದ ತೆರಿಗೆ ಪಾಲು ಕಡಿಮೆಯಾಗಿದೆ ಎಂಬ ದೂರೂ ಇದೆ. ಯಾವುದು ಸರಿ ಎಂದು ನೀವೇ ತೂಗಿ ನೋಡಿ. ತೂಗಲು ಅಂಕಿ ಕೈಯಲ್ಲಿರಲಿ ಎಂಬುದಷ್ಟೇ ನಮ್ಮ ಆಸೆ.

ಕಾಯ್ದೆಯ ಬಗ್ಗೆಯೂ ಟೀಕೆ ಇದೆ. ಮಿತಿಯೊಳಗೆ ಇರಬೇಕೆಂದು ಸರ್ಕಾರಗಳು ಕೆಲವೊಮ್ಮೆ ಆಸ್ತಿ ಬೆಳೆಸುವ ಕೆಲಸವನ್ನೇ ಮುಂದೂಡುತ್ತವೆ. ರಸ್ತೆ, ನೀರಾವರಿಯಲ್ಲಿ ಹಿಂದುಳಿದ ಕಲ್ಯಾಣ ಕರ್ನಾಟಕದಂಥ ಭಾಗಕ್ಕೆ ಅದರಿಂದ ಹೆಚ್ಚು ಪೆಟ್ಟು. 371ಜೆ ವಿಧಿಯಡಿ ನಮ್ಮ ಭಾಗದ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಇಡುತ್ತಿದ್ದರೂ, ಇಟ್ಟ ಹಣ ಕೆಲಸವಾಗಿ ಕಾಣಬೇಕಲ್ಲ. ಮಿತಿ ಇದ್ದರೆ ಸಾಲದು, ಮಿತಿಯೊಳಗಿನ ಹಣ ಎಲ್ಲಿ ಹೋಯಿತು ಎಂಬುದನ್ನೂ ನೋಡಬೇಕು.

ಈ ಸಾಲ ಕೊಡುವವರು ಯಾರು?

ಸರ್ಕಾರಕ್ಕೆ ಸಾಲ ಕೊಡುವ ಸಾಹುಕಾರ ಯಾರು ಎಂದು ನಿಮಗೆ ಅನಿಸಬಹುದು. ಹೆಚ್ಚಿನ ಸಾಲವನ್ನು ರಾಜ್ಯವು ರಿಸರ್ವ್ ಬ್ಯಾಂಕ್ ಮೂಲಕ ಸಾಲಪತ್ರ ಹರಾಜು ಹಾಕಿ ಪಡೆಯುತ್ತದೆ. ಅವನ್ನು ಕೊಳ್ಳುವವರು ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಭವಿಷ್ಯ ನಿಧಿಗಳು. ಬ್ಯಾಂಕಿನಲ್ಲಿರುವುದು ನಿಮ್ಮಂಥವರ ಉಳಿತಾಯ, ವಿಮಾ ಸಂಸ್ಥೆಯಲ್ಲಿರುವುದು ನಿಮ್ಮಂಥವರ ಪ್ರೀಮಿಯಂ. ಒಂದು ಕೈಯಲ್ಲಿ ನಾವೇ ಸಾಲ ಕೊಟ್ಟು, ಇನ್ನೊಂದು ಕೈಯಲ್ಲಿ ತೆರಿಗೆ ಕಟ್ಟಿ ಅದರ ಬಡ್ಡಿ ತೀರಿಸುತ್ತೇವೆ. ಸರ್ಕಾರದ ಸಾಲದ ಶಿಸ್ತು ನಮಗೆ ಎರಡು ಕಡೆಯಿಂದಲೂ ಬೇಕು.

ರಾಜ್ಯ ಮನಸ್ಸಿಗೆ ಬಂದಷ್ಟು ಸಾಲ ಎತ್ತುವಂತೆಯೂ ಇಲ್ಲ. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಮಾಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು ಎಂದು ಸಂವಿಧಾನದ 293ನೇ ವಿಧಿ ಹೇಳುತ್ತದೆ. ಒಂದು ಬ್ಯಾಂಕಿನ ಸಾಲ ಬಾಕಿ ಇದ್ದಾಗ ಇನ್ನೊಂದು ಸಾಲಕ್ಕೆ ಆ ಬ್ಯಾಂಕಿನ ಆಕ್ಷೇಪವಿಲ್ಲ ಎಂಬ ಪತ್ರ ಕೇಳುತ್ತಾರಲ್ಲ, ಹಾಗೆ.

ಗಳಿಕೆಯ ಕಡೆ: ತುಪ್ಪದ ಮೇಲಿನ ತೆರಿಗೆ ಈಗ ಎಲ್ಲಿ ತೀರ್ಮಾನ?

ಸಾಲ ಕಡಿಮೆ ಮಾಡಬೇಕಾದರೆ ತೆರಿಗೆ ಗಳಿಕೆ ಹೆಚ್ಚಾಗಬೇಕು. ಮೊದಲು ಮಾರಾಟ ತೆರಿಗೆ ಎಷ್ಟು ಎಂದು ನಮ್ಮ ವಿಧಾನಮಂಡಲವೇ ತೀರ್ಮಾನಿಸುತ್ತಿತ್ತು. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಮಂಡಲ ಜಿಎಸ್‌ಟಿ ಮಸೂದೆಗೆ ಒಪ್ಪಿಗೆ ಕೊಟ್ಟಿತು, ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ಪದ್ಧತಿ ಬಂತು. ಈಗ ದರದ ಬಗ್ಗೆ ತೀರ್ಮಾನಿಸುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಮತದ ಮೂರನೇ ಒಂದು ಭಾಗದ ತೂಕ ಕೇಂದ್ರದ್ದು, ಉಳಿದದ್ದು ಎಲ್ಲ ರಾಜ್ಯಗಳದ್ದು. ಯಾವುದೇ ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ತೂಕದ ಮತ ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗುವುದಿಲ್ಲ, ರಾಜ್ಯಗಳು ಒಪ್ಪದೆಯೂ ಆಗುವುದಿಲ್ಲ.

ನಮ್ಮ ಕಸುಬಿಗೆ ಇದರ ಬಿಸಿ ನೇರ ತಟ್ಟುತ್ತದೆ. ಹಸಿ ಹಾಲಿಗೆ, ಪ್ಯಾಕೆಟ್ ಹಾಲಿಗೆ, ಪಶು ಆಹಾರಕ್ಕೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ ಪ್ಯಾಕೆಟ್ ಮೊಸರು, ಮಜ್ಜಿಗೆ, ಲಸ್ಸಿಗೆ ಶೇ 5 ಹಾಕಲಾಯಿತು. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ ಮತ್ತು ಹಾಲಿನ ಕ್ಯಾನಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು, ಪ್ಯಾಕ್ ಮಾಡಿದ ಪನ್ನೀರಿನ ಮೇಲಿನ ಶೇ 5 ಪೂರ್ತಿ ಹೋಯಿತು. ತುಪ್ಪ ಅಗ್ಗವಾದರೆ ಹೆಚ್ಚು ಮಾರಾಟವಾಗುತ್ತದೆ, ಹಾಲಿಗೆ ಬೇಡಿಕೆ ಬರುತ್ತದೆ. ಅದೇ ಹೊತ್ತಿಗೆ ಸರ್ಕಾರದ ತೆರಿಗೆ ಗಳಿಕೆ ಅಷ್ಟು ಕಡಿಮೆಯಾಗುತ್ತದೆ. ಎರಡೂ ಒಂದೇ ಲೆಕ್ಕದ ಎರಡು ಬದಿಗಳು.

ನಾವು ಏನು ಮಾಡಬಹುದು?

ಒಂದು ಮುಖ್ಯ ವಿಷಯ ತಿಳಿದಿರಲಿ. ಬಜೆಟ್ ಮಂಡನೆಯಾದ ಮೇಲೆ ಒಂದೊಂದು ಇಲಾಖೆಯ ಖರ್ಚು ಮತಕ್ಕೆ ಬಂದಾಗ, ವಿಧಾನಸಭೆ ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ತಾನಾಗಿ ಹೆಚ್ಚು ಮಾಡುವಂತಿಲ್ಲ. ಆದ್ದರಿಂದ ಪ್ರೋತ್ಸಾಹಧನ ಹೆಚ್ಚಬೇಕು, ಬಾಕಿ ಬರಬೇಕು, ಊರಿಗೆ ಪಶು ಆಸ್ಪತ್ರೆ ಬೇಕು ಎಂದು ಕೇಳುವುದಿದ್ದರೆ ಮಾರ್ಚ್ ತಿಂಗಳಿಗಾಗಿ ಕಾಯಬೇಡಿ. ಜನವರಿ, ಫೆಬ್ರವರಿಯಲ್ಲಿಯೇ ಸಂಘದ ಠರಾವು ಮಾಡಿ ಶಾಸಕರಿಗೆ, ಒಕ್ಕೂಟಕ್ಕೆ ಕೊಡಿ. ಒಬ್ಬರ ಬಾಯಿ ಮಾತಿಗಿಂತ 60 ಸದಸ್ಯೆಯರ ಸಹಿ ಇರುವ ಠರಾವಿಗೆ ತೂಕ ಹೆಚ್ಚು.

ಬಜೆಟ್ ದಿನ ಪತ್ರಿಕೆಯಲ್ಲಿ ನಾಲ್ಕು ಅಂಕಿ ಹುಡುಕಿ. ರಾಜಸ್ವ ಕೊರತೆ ಇದೆಯೇ, ಎಷ್ಟು? ವಿತ್ತೀಯ ಕೊರತೆ ಶೇ 3ರ ಒಳಗಿದೆಯೇ? ಒಟ್ಟು ಬಾಕಿ ಶೇ 25ರ ಒಳಗಿದೆಯೇ? ಪಶುಸಂಗೋಪನೆಗೆ ಎಷ್ಟು ಇಟ್ಟಿದ್ದಾರೆ? ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಂದ ಓದಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ವರ್ಷದ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಿದರೆ ದಾರಿ ಯಾವ ಕಡೆ ಹೋಗುತ್ತಿದೆ ಎಂದು ನಿಮಗೇ ತಿಳಿಯುತ್ತದೆ. ಮತ ಕೇಳಲು ಬಂದವರು ಹೊಸ ಮಾತು ಕೊಟ್ಟಾಗ, ಅದಕ್ಕೆ ಹಣ ಗಳಿಕೆಯಿಂದಲೋ ಸಾಲದಿಂದಲೋ ಎಂದು ಒಂದು ಪ್ರಶ್ನೆ ಕೇಳಿ.

ಇದೇ ಪ್ರಶ್ನೆಯನ್ನು ನಮ್ಮ ಸಂಘದೊಳಗೂ ಕೇಳಬೇಕು. ವರ್ಷಕ್ಕೊಮ್ಮೆ ನಡೆಯುವ ಸರ್ವಸದಸ್ಯರ ಸಭೆಯಲ್ಲಿ ಚಹಾ ಕುಡಿದು, ಸಹಿ ಹಾಕಿ ಎದ್ದು ಬರಬೇಡಿ. ಸಂಘ ಸಾಲ ಮಾಡಿದೆಯೇ, ಮಾಡಿದ್ದರೆ ಹಾಲು ತಣಿಸುವ ಘಟಕಕ್ಕೋ, ಕಟ್ಟಡಕ್ಕೋ ಅಥವಾ ದಿನದ ಖರ್ಚಿಗೋ ಎಂದು ಕೇಳಿ. ಲೆಕ್ಕ ಪರಿಶೋಧನೆಯ ವರದಿ ಓದಿ ಹೇಳಲು ಹೇಳಿ. ಪಶು ಆಹಾರದ ಬಾಕಿ ಎಷ್ಟು, ಬೋನಸ್ ಎಷ್ಟು ಎಂದು ಕೇಳಿ. ಕೇಳುವುದು ಜಗಳವಲ್ಲ, ಅದು ಸದಸ್ಯೆಯ ಹಕ್ಕು.

ಅಲ್ಲಿ 20 ಎಮ್ಮೆ ಇದ್ದವರಿಗೂ ಒಂದೇ ಮತ, ಒಂದು ಆಕಳು ಇದ್ದವರಿಗೂ ಒಂದೇ ಮತ. ಸಂಘದ ಲೆಕ್ಕದ ಮೇಲೆ ಕೈ ಎತ್ತಲು ಕಲಿತವರಿಗೆ ರಾಜ್ಯದ ಲೆಕ್ಕ ದೂರವಾಗುವುದಿಲ್ಲ. ಈ ಸಲ ಸಭೆಗೆ ಹೋಗುವಾಗ ಪಕ್ಕದ ಮನೆಯ ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ.